ಊರ ಹಿಂದಿನ ಕಲ್ಲುಹಾಸಿಗೆ ಸುಣ್ಣದ ಗೆರೆ ಬಿದ್ದಿದೆ, ಏನು ಮಾಡೋಣ?

ಹಾಸುಗಲ್ಲು (ಸಾಗರ ತಾಲೂಕು)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನಮ್ಮೂರ ಹಿಂದೆ ಒಂದು ಕಲ್ಲುಹಾಸು ಇದೆ. ಜಂಬಿಟ್ಟಿಗೆ ಕಲ್ಲು. ಹನ್ನೆರಡು ಎಕರೆ ಇರಬಹುದು, ಅಳೆದಿಲ್ಲ. ಮೇಲೆ ಒಂದೂ ಮರವಿಲ್ಲ. ಬೇಸಿಗೆಯಲ್ಲಿ ಸುಟ್ಟ ಕಾವಲಿ ಹಾಗೆ ಇರುತ್ತದೆ, ಬರಿಗಾಲು ಇಡೋಕಾಗಲ್ಲ. ಪಹಣಿಯಲ್ಲಿ ಖರಾಬು ಅಂತ ಇದೆ. ಊರವರೂ ಅದನ್ನು ಹಾಗೇ ಅಂದುಕೊಂಡಿದ್ದಾರೆ, ಮೂರು ವರ್ಷದ ಹಿಂದಿನವರೆಗೆ ನಾನೂ ಅಷ್ಟೇ.

ಆ ವರ್ಷ ಆಗಸ್ಟ್‌ನಲ್ಲಿ ತಪ್ಪಿಸಿಕೊಂಡ ಎಮ್ಮೆ ಹುಡುಕಿಕೊಂಡು ಹೋದವನು ಪಾಚಿ ಮೇಲೆ ಕಾಲು ಜಾರಿ ಬಿದ್ದೆ. ಬಿದ್ದ ಕಡೆ ಮೂಗಿನ ಹತ್ತಿರವೇ ಒಂದು ಗಿಡ, ನಾಲ್ಕಾಣೆ ಅಗಲ ಇಲ್ಲ, ಎಲೆ ತುಂಬ ಕೆಂಪು ಕೂದಲು. ಒಂದೊಂದು ಕೂದಲ ತುದಿಗೂ ಅಂಟಿನ ಹನಿ. ಒಂದು ಹನಿಯಲ್ಲಿ ನೊರಜು ಸಿಕ್ಕಿಕೊಂಡು ಇನ್ನೂ ಕಾಲು ಆಡಿಸುತ್ತಿತ್ತು. ಹುಳ ತಿನ್ನೋ ಗಿಡ ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೆ, ಡ್ರೋಸೆರಾ. ಅದು ಎಲ್ಲೋ ಬೇರೆ ದೇಶದ್ದು ಅಂದುಕೊಂಡಿದ್ದೆ, ನಮ್ಮ ಕೊಟ್ಟಿಗೆಯಿಂದ ಅರ್ಧ ಮೈಲಿ ದೂರದಲ್ಲಿ ಇತ್ತು. ಎದ್ದು ನೋಡಿದರೆ ಇಡೀ ಹಾಸಿನ ಮೇಲೆ ನೇರಳೆ ಬಣ್ಣದ ಚಿಕ್ಕ ಚಿಕ್ಕ ಹೂವು, ಬಿಳಿ ಅಂಗಿಗುಂಡಿ ತರಹದ ಹೂವು, ನೀರು ನಿಂತ ಗುಂಡಿಗಳಲ್ಲಿ ಗೊದಮೊಟ್ಟೆ. ಎಮ್ಮೆ ಅಲ್ಲೇ ನಿಂತಿತ್ತು ಅನ್ನೋದು ಬೇರೆ ವಿಷಯ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮಳೆ ಹೊಳವಾದ ಮೇಲೆ ಹೋದರೆ ಹಾಸಿನ ಉದ್ದಕ್ಕೂ ಸುಣ್ಣದ ಗೆರೆ, ನಾಲ್ಕು ಮೂಲೆಗೆ ಗೂಟ. ಕಲ್ಲು ಕ್ವಾರಿಗೆ ಅರ್ಜಿ ಬಿದ್ದಿದೆಯಂತೆ. ಒಂದು ಕಚೇರಿಗೆ ಹೋಗಿ ಕೇಳಿದೆ. 'ಬರೀ ಕಲ್ಲು ಇರೋ ಜಾಗ ಅಲ್ವಾ, ನಿಮಗೇನು ತೊಂದರೆ' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಭಯಾರಣ್ಯ ಅಲ್ಲ, ಅರಣ್ಯವೂ ಅಲ್ಲ. ಇಂಥ ಜಾಗಕ್ಕೆ ರಕ್ಷಣೆ ಯಾವ ದಾರಿಯಲ್ಲಿ ಸಿಗುತ್ತದೆ? ಗೊತ್ತಿದ್ದವರು ಹೇಳಿ. ಊರ ಹೆಸರು ಸದ್ಯಕ್ಕೆ ಬೇಡ.

ಬೆಂಗಳೂರು ವಾಸಿ

ಫೋಟೋ ಹಾಕಿ ಸರ್! ಮ್ಯಾಪ್‌ನಲ್ಲಿ ಪಿನ್ ಹಾಕಿ, ಒಂದು ರೀಲ್ಸ್ ಮಾಡಿ. ಜನಕ್ಕೆ ಗೊತ್ತಾದರೆ ಯಾರೂ ಮುಟ್ಟಲ್ಲ. ನಾನೂ ಮೂಲತಃ ಹೊಸನಗರದ ಕಡೆಯವನೇ, ದೀಪಾವಳಿಗೆ ಬಂದಾಗ ಸ್ನೇಹಿತರ ಜತೆ ಬರುತ್ತೇನೆ.

ಜೀಪ್ ಅಣ್ಣ

ದಯವಿಟ್ಟು ಪಿನ್ ಹಾಕಬೇಡಿ ಮಾರಾಯ್ರೆ. ಕೊಡಚಾದ್ರಿಗೆ ಜೀಪ್ ಓಡಿಸೋನು ಹೇಳ್ತಾ ಇದ್ದೀನಿ, ಅದೇ ನನ್ನ ಅನ್ನ. 1343 ಮೀಟರ್ ಗುಡ್ಡ, ಮೇಲೆ ಹುಲ್ಲು, ಸಂದಿಯಲ್ಲಿ ಶೋಲಾ ಕಾಡು. ಮೊದಲು ಮೂಕಾಂಬಿಕೆ ಭಕ್ತರು ಬರುತ್ತಿದ್ದರು, ಸರ್ವಜ್ಞಪೀಠಕ್ಕೆ ಕೈಮುಗಿದು ಇಳಿಯುತ್ತಿದ್ದರು. ಈಗ ಬರೋರಲ್ಲಿ ಅರ್ಧ ಜನಕ್ಕೆ ಅಲ್ಲಿ ಪೀಠ ಇದೆ ಅಂತಲೇ ಗೊತ್ತಿಲ್ಲ, ಮಂಜು ಬಂದರೆ ಸಾಕು, ಮೊಬೈಲ್ ಎತ್ತಿ ಹುಲ್ಲಿನ ಮೇಲೆ ಕುಣಿಯೋದು. ಒಬ್ಬ ನಡೆದ ಜಾಗ ಮುಂದಿನ ಶನಿವಾರ ದಾರಿ ಆಗುತ್ತದೆ, ಮಳೆ ಬಂದರೆ ಆ ದಾರಿ ಚರಂಡಿ ಆಗುತ್ತದೆ. ಚಕ್ರದ ಗುರುತು ಎಷ್ಟು ಆಳ ಆಗಿದೆ ಅಂತ ನನಗೆ ಗೊತ್ತು, ನನ್ನ ಗಾಡಿಯ ಬುಡವೇ ತಾಗುತ್ತದಲ್ಲ.

ನಿಮ್ಮ ಗಿಡ ನಾಲ್ಕಾಣೆ ಅಗಲ ಅಂದಿರಿ. ನೂರು ಜನ ಬಂದರೆ ಒಂದು ಭಾನುವಾರಕ್ಕೆ ಮುಗೀತು. ಕ್ವಾರಿಯವನಿಗೆ ಪಾಪ ಮಿಷನ್ ಆದರೂ ಬೇಕು.

ಕಲ್ಲುಮಣ್ಣು (ಶಿವಮೊಗ್ಗ)

ಭೂವಿಜ್ಞಾನ ಪಾಠ ಹೇಳೋನು ನಾನು. 'ಬರೀ ಕಲ್ಲು' ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಜಂಬಿಟ್ಟಿಗೆ ಬಗ್ಗೆ ಹೇಳುತ್ತೇನೆ. ಜೋರು ಮಳೆ, ಜೋರು ಬಿಸಿಲು, ಮತ್ತೆ ಮಳೆ. ಹೀಗೆ ಲಕ್ಷಾಂತರ ವರ್ಷ ನಡೆದು ಕೆಳಗಿನ ಬಂಡೆ ಕೊಳೆತು, ಕರಗೋದೆಲ್ಲ ನೀರಲ್ಲಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದದ್ದೇ ಈ ಕಲ್ಲು. ಕೆಂಪು ಬಣ್ಣ ಕಬ್ಬಿಣದ ತುಕ್ಕು. ನೆಲದಲ್ಲಿರುವಾಗ ಕತ್ತಿಯಲ್ಲಿ ಕೊಯ್ಯಬಹುದು, ಗಾಳಿಗೆ ಬಿಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪ್ಪುರಂನಲ್ಲಿ ಇದನ್ನು ನೋಡಿ, 1807ರಲ್ಲಿ ಬಂದ ಪುಸ್ತಕದಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟ, ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತಲೇ ಅರ್ಥ. ನಮ್ಮವರು ಜಂಬಿಟ್ಟಿಗೆ ಅಂದಿದ್ದರಲ್ಲೂ ಇಟ್ಟಿಗೆ ಇದೆ, ನೋಡಿ. ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಇಂಥ ಸ್ಮಾರಕಗಳನ್ನು ಗುರುತಿಸೋದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಇವೆ, ಕರ್ನಾಟಕದಲ್ಲಿ ನಾಲ್ಕು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಬಂಡೆ. ಲಾಲ್‌ಬಾಗ್ ಬಂಡೆ ಮೇಲೆ ಕೂತು ಕಡಲೆಕಾಯಿ ತಿಂದವರು ಸಾವಿರ ಜನ ಇರಬಹುದು, ಬೋರ್ಡ್ ಓದಿದವರು ಎಷ್ಟು ಜನ? ಶಿವಮೊಗ್ಗ ಜಿಲ್ಲೆಯದು ಒಂದೂ ಇಲ್ಲ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 'ಶಿವಮೊಗ್ಗ ಶಿಸ್ಟ್ ಪಟ್ಟಿ' (ಶಿಸ್ಟ್ ಅಂದರೆ ಒಂದು ಬಗೆಯ ಪದರುಗಲ್ಲು) ಅಂದರೆ ಭೂವಿಜ್ಞಾನಿಗಳಿಗೆಲ್ಲ ಗೊತ್ತು, 250 ಕೋಟಿ ವರ್ಷಕ್ಕಿಂತ ಹಳೆಯದು. ಮ್ಯಾಂಗನೀಸ್ ಗಣಿಗೆ ಹೆಸರಾದ ಕುಂಸಿ ಇದೆಯಲ್ಲ, ಅದರ ಆಸುಪಾಸಿನ ಕಲ್ಲುಗಳಲ್ಲಿ ಸ್ಟ್ರೊಮಟೊಲೈಟ್ ಇದೆ. ಆಗಿನ ಸಮುದ್ರದ ತೆಳು ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಲೋಳೆ ಲೋಳೆಯಾಗಿ ಹಬ್ಬಿ, ಮೇಲೆ ಮಣ್ಣಿನ ಪದರ ಕೂತು, ಅದರ ಮೇಲೆ ಮತ್ತೆ ಹಬ್ಬಿ, ಪದರದ ಮೇಲೆ ಪದರ ಕಲ್ಲಾದದ್ದು. ಎಲೆಕೋಸನ್ನು ನಡುವೆ ಸೀಳಿದರೆ ಕಾಣುತ್ತದಲ್ಲ, ಹಾಗೇ. ನಾನು ಮೊದಲ ಸಲ ನೋಡಿದಾಗ ಬೆರಳಿನಲ್ಲಿ ಒಂದೊಂದೇ ಗೆರೆ ಸವರುತ್ತಾ ಕೂತುಬಿಟ್ಟೆ, ಜತೆಗೆ ಬಂದ ಹುಡುಗರು ಬಸ್ಸು ತಪ್ಪುತ್ತದೆ ಸರ್ ಅಂತ ಎಬ್ಬಿಸಿದರು. ಹುಲಿ, ಆನೆ, ಅಡಿಕೆ ಮರ, ನಾನು, ನೀವು ಯಾರೂ ಇಲ್ಲದ ಕಾಲದ ಬದುಕಿನ ಗುರುತು ಅದು.

ಈಗ ಕೆಟ್ಟ ಸುದ್ದಿ. ಕಲ್ಲಿಗೆ ಅಂತ ನಮ್ಮ ದೇಶದಲ್ಲಿ ಕಾನೂನಿಲ್ಲ. 2022ರ ಕೊನೆಯಲ್ಲಿ ಭೂಪರಂಪರೆ ತಾಣಗಳ ಕರಡು ಮಸೂದೆ ಬಂತು, ಕರಡಾಗಿಯೇ ಉಳಿಯಿತು.

ಹಾಸುಗಲ್ಲು

ಸರ್, ಹಾಗಾದರೆ ಏನೂ ಮಾಡೋಕಾಗಲ್ವಾ?

ಸೊಪ್ಪಿನಬೆಟ್ಟ

ಏನೂ ಮಾಡದೇ ಇರೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ಸ್ವಾಮಿ, 'ಸಂರಕ್ಷಣೆ' ಅನ್ನೋ ಪದ ಕೇಳಿದರೆ ಮಲೆನಾಡಿನವನಿಗೆ ಯಾಕೆ ಎದೆ ಹೊಡ್ಕೊಳ್ಳುತ್ತದೆ ಗೊತ್ತಾ? ನಮ್ಮಜ್ಜನ ಮನೆ ಶರಾವತಿಯಲ್ಲಿ ಮುಳುಗಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ನಾಡಿಗೆ ಬೆಳಕು ಬರುತ್ತದೆ ಅಂದರು. ನಮ್ಮ ಕಡೆಯ ಎಷ್ಟೋ ಮನೆಯವರನ್ನು ಲಾರಿಯಲ್ಲಿ ತುಂಬಿ ಶೆಟ್ಟಿಹಳ್ಳಿ ಕಾಡಿನಲ್ಲಿ ಇಳಿಸಿದರು. 1974ರಲ್ಲಿ ಅದೇ ಶೆಟ್ಟಿಹಳ್ಳಿ ಅಭಯಾರಣ್ಯ ಆಯ್ತು. ಈಗ ಅವರ ಮೊಮ್ಮಕ್ಕಳು ರಸ್ತೆ ಕೇಳಿದರೆ ವನ್ಯಜೀವಿ ಕಾಯ್ದೆ, ಕರೆಂಟ್ ಕೇಳಿದರೆ ವನ್ಯಜೀವಿ ಕಾಯ್ದೆ. ಆಮೇಲೆ 2013ರಲ್ಲಿ ಪಶ್ಚಿಮ ಘಟ್ಟ ಉಳಿಸೋ ಬಗ್ಗೆ ಕಸ್ತೂರಿರಂಗನ್ ವರದಿ ಬಂತು, ಕರ್ನಾಟಕದ್ದೇ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ. 2024ರ ಜುಲೈನಲ್ಲಿ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿದರು, ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಬೇಡ ಅಂತು. ಪ್ರತಿ ಸಲ ಊರಲ್ಲಿ ಸುದ್ದಿ ಏನು? ಇನ್ನು ದರಕು (ಉದುರಿದ ಒಣ ಎಲೆ) ಗುಡಿಸಂಗಿಲ್ಲ, ಸೊಪ್ಪು ಕಡಿಯಂಗಿಲ್ಲ. ಸತ್ಯವೋ ಸುಳ್ಳೋ, ಕೂತು ಬಿಡಿಸಿ ಹೇಳಿದವರು ಒಬ್ಬರೂ ಇಲ್ಲ.

ಮತ್ತೆ ದೊಡ್ಡವರಿಗೆ ಬೇರೆ ಲೆಕ್ಕ. ಸಿಂಗಳೀಕ ಇಡೀ ಲೋಕದಲ್ಲಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರೋ ಕೋತಿ, ಅದಕ್ಕಾಗಿ 2019ರಲ್ಲಿ ಶರಾವತಿ ಅಭಯಾರಣ್ಯವನ್ನು 930 ಚದರ ಕಿಲೋಮೀಟರ್‌ಗೆ ಹಿಗ್ಗಿಸಿದರು. ಸಂತೋಷ. ಅದೇ ಕಾಡಿನೊಳಗೆ ತಲಕಳಲೆಯಿಂದ ಗೇರುಸೊಪ್ಪೆಗೆ ಸುರಂಗ ಕೊರೆದು 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರು ಮೇಲೆತ್ತಿ ಮತ್ತೆ ಬಿಟ್ಟು ಕರೆಂಟ್ ಮಾಡೋದು) ಅಂತ ಯೋಜನೆ ಹಾಕಿದ್ದೂ ಸರ್ಕಾರವೇ. ನಾನು ಬೇಲಿ ಗೂಟಕ್ಕೆ ಒಂದು ಮರ ಕಡಿದರೆ ಕೇಸು.

ನಿಮ್ಮ ಕಲ್ಲುಹಾಸಿಗೆ ಇವತ್ತು ಬೋರ್ಡ್ ಹಾಕಿಸಿ. ನಾಳೆ ನಿಮ್ಮ ಎಮ್ಮೆ ಅಲ್ಲಿಗೆ ಹೋದರೆ ನೀವೇ ಆರೋಪಿ.

ತುಂಗೆ ತಟ (ತೀರ್ಥಹಳ್ಳಿ)

ಸೊಪ್ಪಿನಬೆಟ್ಟ ಅಣ್ಣಾ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಬೋರ್ಡ್ ಹಾಕಿದ ಕಾಡೊಂದೇ ಕಾಡಲ್ಲ, ಅದು ಹಕ್ಕಿಗಳನ್ನು ನೋಡಿದರೆ ಗೊತ್ತಾಗುತ್ತದೆ.

ಮಂಡಗದ್ದೆ ಎಲ್ಲರಿಗೂ ಗೊತ್ತಲ್ಲ, ಶಿವಮೊಗ್ಗ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ತುಂಗೆಯ ನಡುವೆ ಒಂದು ಎಕರೆಗಿಂತ ಚೂರು ದೊಡ್ಡ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಬಂದು ಗೂಡು ಕಟ್ಟುತ್ತವೆ. ನೀರು ಏರಿದರೆ ಕೆಳಗಿನ ಕೊಂಬೆಯ ಗೂಡು ಹೋಗುತ್ತದೆ, ಮೇಲಿನವು ಉಳಿಯುತ್ತವೆ. ಸೊರಬದ ಗುಡವಿಯೂ ಅಷ್ಟೇ, ಪಕ್ಷಿಧಾಮ ಅಂತ ಹೆಸರು ದೊಡ್ಡದು, ವಿಸ್ತಾರ ಮುಕ್ಕಾಲು ಚದರ ಕಿಲೋಮೀಟರ್ ಇಲ್ಲ.

ನನ್ನ ಪ್ರಶ್ನೆ ಇದು. ಆ ಒಂದು ಎಕರೆಯಲ್ಲಿ ಹುಟ್ಟಿದ ಮರಿಗಳಿಗೆ ಊಟ ಎಲ್ಲಿಂದ? ಅಪ್ಪ ಅಮ್ಮ ಹಕ್ಕಿ ಹಾರಿಹೋಗಿ ತರೋದು ನಮ್ಮ ಗದ್ದೆಯಿಂದ, ಕೆರೆ ಅಂಚಿನಿಂದ, ಹಳ್ಳದಿಂದ. ಅಭಯಾರಣ್ಯದ ಬೋರ್ಡ್ ಇರೋದು ಅವುಗಳ ಮಲಗೋ ಕೋಣೆಗೆ ಮಾತ್ರ, ಅಡುಗೆಮನೆ ನಮ್ಮದು. ನಮ್ಮ ಮನೆ ಮುಂದಿನ ಮೂರು ಗದ್ದೆಯಲ್ಲಿ ಎರಡು ಈಗ ಅಡಿಕೆ ತೋಟ. ಗದ್ದೆ ಮಾಡಿದರೆ ಕೂಲಿಗೂ ಹುಟ್ಟಲ್ಲ, ನಾನೂ ಬೇಡ ಅನ್ನೋಕಾಗಲಿಲ್ಲ. ಮೊದಲು ಹೂಟಿ ಮಾಡುವಾಗ ನೇಗಿಲ ಹಿಂದೆ ಸಾಲಾಗಿ ನಡೆದು ಬರುತ್ತಿದ್ದ ಬೆಳ್ಳಕ್ಕಿ ಈಗ ಉಳಿದ ಒಂದೇ ಗದ್ದೆಯಲ್ಲಿ ಗುಂಪಾಗಿ ನಿಂತಿರುತ್ತವೆ, ಸೊಸೈಟಿ ಮುಂದೆ ಕ್ಯೂ ನಿಂತ ಹಾಗೆ.

ಇಲಾಖೆ ಇಲ್ಲದೆ ಊರವರೇ ಕಾಯ್ದ ಜಾಗವೂ ನಮ್ಮಲ್ಲಿದೆ. ಚಿಬ್ಬಲಗುಡ್ಡೆಗೆ ಹೋಗಿ ನೋಡಿ. ಗಣಪತಿ ದೇವಸ್ಥಾನದ ಪಕ್ಕ ಹೊಳೆಯಲ್ಲಿ ಮೊಳ ಉದ್ದದ ಮೀನುಗಳು. ದೇವರ ಮೀನು ಅಂತ ಯಾರೂ ಹಿಡಿಯಲ್ಲ, ಮಂಡಕ್ಕಿ ಹಾಕಿದರೆ ಮೇಲೆ ಹತ್ತಿ ಬರುತ್ತವೆ.

ಕೆಂಪು ಗೋಡೆ

ನಾನು ಮನೆ ಕಟ್ಟೋ ಮೇಸ್ತ್ರಿ. ಎಲ್ಲರೂ ಕ್ವಾರಿಯವನನ್ನು ಕಳ್ಳ ಅನ್ನೋ ಹಾಗೆ ಮಾತಾಡ್ತಾ ಇದ್ದೀರಿ. ಈ ಕಡೆ ಯಾರ ಮನೆ ಗೋಡೆ ಕೆರೆದರೂ ಕೆಂಪು ಕಲ್ಲೇ ಬರೋದು. ಹಾಸುಗಲ್ಲು ಅವರೇ, ನಿಮ್ಮ ಮನೆ ಯಾವ ಕಲ್ಲಿಂದು?

ಹಾಸುಗಲ್ಲು

ಒಳ್ಳೇ ಪ್ರಶ್ನೆ. ಅದೇ ಹಾಸಿನ ಕಲ್ಲು. ನಮ್ಮಜ್ಜ ಮತ್ತು ಇಬ್ಬರು ಒಡ್ಡರು ಒಂದು ಬೇಸಿಗೆ ಇಡೀ ಮೂಲೆಯಲ್ಲಿ ಕೂತು ಕೈಯಲ್ಲೇ ಕಡಿದು ತಂದದ್ದು ಅಂತ ಅಪ್ಪ ಹೇಳುತ್ತಿದ್ದರು. ಕಡಿದ ಗುಂಡಿ ಇನ್ನೂ ಇದೆ. ಎರಡು ಆಳು ಉದ್ದ, ಎದೆ ಮಟ್ಟ ಆಳ, ಗೋಡೆಯಲ್ಲಿ ಉಳಿ ಗುರುತು. ಜನವರಿವರೆಗೆ ನೀರು ನಿಲ್ಲುತ್ತದೆ. ನಾನು ಹೇಳಿದ ಗೊದಮೊಟ್ಟೆ ಜಾಸ್ತಿ ಇರೋದು ಅದರಲ್ಲೇ.

ಅದಕ್ಕೇ ಕಲ್ಲು ತೆಗೆಯಲೇ ಬಾರದು ಅಂತ ನಾನು ಹೇಳೋಕೆ ಹೋಗಲ್ಲ. ಮನೆಗೆ ಬೇಕಾದಷ್ಟು ಕಡಿಯೋದು ಬೇರೆ. ಈಗಿನ ಮಿಷನ್ನು ಕೇಕ್ ಕೊಯ್ದ ಹಾಗೆ ಹಾಸನ್ನು ಸಾಲು ಸಾಲು ಕೊಯ್ದು, ಎರಡು ಮೂರು ವರ್ಷದಲ್ಲಿ ಹನ್ನೆರಡು ಎಕರೆಯೂ ಗುಂಡಿ. ಮೇಲಿನ ಸಿಪ್ಪೆ ಹೋದ ಮೇಲೆ ಗಿಡ ಎಲ್ಲಿ ಕೂರುತ್ತದೆ?

ಮೇಸ್ತ್ರಿಯವರೇ, ಈಗಾಗಲೇ ಅಗೆದಿರೋ ಹಳೇ ಕ್ವಾರಿಗಳಲ್ಲಿ ಇನ್ನೂ ಕಲ್ಲು ಇರುತ್ತದಲ್ಲ?

ಕೆಂಪು ಗೋಡೆ

ಇರುತ್ತದೆ. ಆದರೆ ಕೆಳಗೆ ಹೋದಷ್ಟೂ ಮೆತ್ತಗೆ, ಬಿಳಿ ಜೇಡಿ ಸಿಗುತ್ತದೆ. ಮೇಲಿನ ಕಲ್ಲೇ ಗಟ್ಟಿ. ಅದಕ್ಕೇ ಹೊಸ ಹಾಸು ಹುಡುಕೋದು. ಇದ್ದದ್ದು ಇದ್ದ ಹಾಗೆ ಹೇಳಿದೆ.

ಹಳೇ ಗುಮಾಸ್ತ

ಪಂಚಾಯ್ತಿಯಲ್ಲಿ ಮೂವತ್ತು ವರ್ಷ ಕಾಗದ ತಿರುವಿದವನು, ಈಗ ನಿವೃತ್ತ. ಕಲ್ಲುಮಣ್ಣು ಮೇಷ್ಟ್ರು ಕಾನೂನಿಲ್ಲ ಅಂದರು. ಕಲ್ಲಿಗೆ ಇಲ್ಲ, ಕಲ್ಲಿನ ಮೇಲಿನ ಹುಲ್ಲಿಗೆ ಇದೆ.

ಮೊದಲು ಪಹಣಿ ಸರಿಯಾಗಿ ನೋಡಿ. ಎ ಖರಾಬು ಅಂದರೆ ಸಾಗುವಳಿಗೆ ಬಾರದ್ದು ಅಂತ ಸರ್ವೆ ಕಾಲದಲ್ಲಿ ಬಿಟ್ಟದ್ದು. ಬಿ ಖರಾಬು ಅಂದರೆ ದಾರಿ, ಹಳ್ಳ, ಹೀಗೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಹಾಸಿನ ಮೇಲೆ ದನದ ದಾರಿಯೋ ಹಳ್ಳದ ಮೂಲವೋ ಇದ್ದರೆ ಅದು ನಿಮ್ಮ ಮೊದಲ ಹಿಡಿತ.

ಎರಡನೆಯದು, 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಆ ಸಮಿತಿ ಊರವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಮಾಡಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ಮಾಡದಿದ್ದರೆ ರಾಜ್ಯಕ್ಕೆ ದಂಡ ಅಂದಿತ್ತು. ಆಗ ದೇಶದ ತುಂಬ ಓಡಿ ಓಡಿ ಬರೆದರು. ನಾನು ಕೆಲಸ ಮಾಡಿದ ಕಡೆಯೂ ಯಾರಿಗೋ ಗುತ್ತಿಗೆ ಕೊಟ್ಟು ಬರೆಸಿದರು. ಆಮೇಲೆ ನಾನು ತೆರೆದು ನೋಡಿದರೆ ಬಂಗುಡೆ, ಭೂತಾಯಿ ಅಂತ ಸಮುದ್ರದ ಮೀನಿನ ಹೆಸರೆಲ್ಲ ಇತ್ತು. ತಾಲೂಕಿನ ಹೆಸರು ಸಾಗರ ಅಲ್ವಾ, ಸಮುದ್ರ ಇದೆ ಅಂದುಕೊಂಡರೋ ಏನೋ!

ನಗಬೇಡಿ, ಆ ಪುಸ್ತಕ ಮುಖ್ಯ. ಅದರಲ್ಲಿ ನಿಮ್ಮ ಹಾಸು ಇದ್ದರೆ 'ಬರೀ ಕಲ್ಲು' ಅಂತ ಬರೆಯೋಕೆ ಯಾರಿಗೂ ಸುಲಭ ಇಲ್ಲ. ಗಣಿ ಇಲಾಖೆ ಪರವಾನಗಿ ಕೊಡೋ ಮೊದಲು ಕಂದಾಯ ಮತ್ತು ಅರಣ್ಯ ಇಲಾಖೆಯ ಅಭಿಪ್ರಾಯ ಕೇಳುತ್ತದೆ. ಆ ಹಂತದಲ್ಲಿ ನಿಮ್ಮ ತಕರಾರು ಅರ್ಜಿ, ಗ್ರಾಮಸಭೆ ನಿರ್ಣಯದ ನಕಲು, ದಾಖಲಾತಿಯ ಪುಟ, ಫೋಟೋ ಎಲ್ಲ ಕಡತದೊಳಗೆ ಇರಬೇಕು. ಪರವಾನಗಿ ಆದ ಮೇಲೆ ಹೋಗಿ ಅಳೋದು ಕಷ್ಟ.

ಮೂರನೆಯದು, ಅದೇ ಕಾಯ್ದೆಯ 37ನೇ ಕಲಂ. ಜೀವವೈವಿಧ್ಯ ಪಾರಂಪರಿಕ ತಾಣ. ರಾಜ್ಯ ಸರ್ಕಾರ ಸ್ಥಳೀಯ ಪಂಚಾಯ್ತಿ ಜತೆ ಸಮಾಲೋಚಿಸಿ ಘೋಷಿಸಬೇಕು. ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ ಅಂಬಾರಗುಡ್ಡ. ಶರಾವತಿ ಕಾಡಿಗೂ ಸೋಮೇಶ್ವರ ಕಾಡಿಗೂ ನಡುವೆ ಇರೋ ಕಂದಾಯ ಭೂಮಿ, ಶೋಲಾ ಮತ್ತು ಹುಲ್ಲುಗುಡ್ಡ. ಅಲ್ಲಿ ಗಣಿಗಾರಿಕೆ ವಿರುದ್ಧ ಜನ ಬೀದಿಗಿಳಿದಿದ್ದರು, 2011ರಲ್ಲಿ ಪಾರಂಪರಿಕ ತಾಣ ಆಯ್ತು.

ಮೇಷ್ಟ್ರಿಗೆ ಒಂದು ಮಾತು. ಈ ತಾಣ ಆರಿಸೋಕೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ ಪಳೆಯುಳಿಕೆ ಪದರಗಳೂ ಒಂದು ಲಕ್ಷಣ ಅಂತ ಇದೆ. ನಿಮ್ಮ ಕುಂಸಿಯ ಎಲೆಕೋಸು ಅದರಲ್ಲಿ ಕೂರುತ್ತದೋ ಇಲ್ಲವೋ ನೀವೇ ನೋಡಿ.

ಕಲ್ಲುಮಣ್ಣು (ಶಿವಮೊಗ್ಗ)

ಅಯ್ಯೋ! ಇಷ್ಟು ವರ್ಷ ಪಾಠ ಮಾಡಿ ನಾನು ಕಾನೂನಿನ ಆ ಪುಟ ತಿರುವಿಯೇ ಇಲ್ಲ. ಸ್ಟ್ರೊಮಟೊಲೈಟ್ ಪಳೆಯುಳಿಕೆಯೇ, ಅದರಲ್ಲಿ ಎರಡು ಮಾತಿಲ್ಲ. ಗುಮಾಸ್ತರೇ, ನಿಮ್ಮ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸಿ.

ಸೊಪ್ಪಿನಬೆಟ್ಟ

ಗುಮಾಸ್ತರೇ, ನೇರವಾಗಿ ಹೇಳಿ. ಪಾರಂಪರಿಕ ತಾಣ ಆದರೆ ದನ ಮೇಯಿಸಬಹುದಾ, ಇಲ್ಲವಾ?

ಹಳೇ ಗುಮಾಸ್ತ

ಮೇಯಿಸಬಹುದು. ಅಭಯಾರಣ್ಯದ ಹಾಗಲ್ಲ ಇದು. ಈಗ ನಡೆಯುತ್ತಿರುವ ಬಳಕೆಗೆ, ಊರವರೇ ಒಪ್ಪಿ ಹಾಕಿಕೊಂಡ ಮಿತಿ ಬಿಟ್ಟು ಬೇರೆ ನಿರ್ಬಂಧ ಇರಬಾರದು ಅಂತ ಮಾರ್ಗಸೂಚಿಯಲ್ಲೇ ಇದೆ. ಘೋಷಣೆಯಿಂದ ಯಾರಿಗಾದರೂ ನಷ್ಟ ಆದರೆ ಪರಿಹಾರದ ಯೋಜನೆ ಸರ್ಕಾರ ಮಾಡಬೇಕು ಅಂತ 37ನೇ ಕಲಂನಲ್ಲೇ ಬರೆದಿದೆ. ಕಾಗದದಲ್ಲಿ ಇದ್ದದ್ದೆಲ್ಲ ನಡೆಯುತ್ತದೆ ಅಂತ ಮೂವತ್ತು ವರ್ಷ ಕಾಗದ ತಿರುವಿದ ನಾನು ಹೇಳಲ್ಲ. ಆದರೆ ಕಾಗದದಲ್ಲಿ ಇಲ್ಲದ್ದನ್ನು ಕೇಳೋಕೂ ಆಗಲ್ಲ.

ಸೊಪ್ಪಿನಬೆಟ್ಟ

ಹ್ಞೂ. ಅದನ್ನು ಬರವಣಿಗೆಯಲ್ಲಿ ನಿರ್ಣಯಕ್ಕೆ ಸೇರಿಸಿ. 'ದನ ಮೇಯಿಸೋದು, ದರಕು, ಸೊಪ್ಪು ಎಂದಿನಂತೆ' ಅಂತ ಮೊದಲನೇ ಸಾಲಲ್ಲೇ ಬರಬೇಕು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ.

ಸೊರಬದ ಕಾನು

ಪಟ್ಟಿ, ದಾಖಲಾತಿ ಅಂತ ಎಲ್ಲ ಖುಷಿಯಾಗಿದ್ದೀರಿ, ಸ್ವಲ್ಪ ತಣ್ಣೀರು ಹಾಕುತ್ತೇನೆ. ನಮ್ಮ ಸೊರಬದ ಕಾನುಗಳ ಲೆಕ್ಕ 1868ರಲ್ಲೇ ಆಗಿದೆ, ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಸಾಹೇಬರು ಒಂದೇ ತಾಲೂಕಿನಲ್ಲಿ 171 ಕಾನು ಎಣಿಸಿದ್ದರು. ಕಾನು ಅಂದರೆ ಸುಮ್ನೆ ಕಾಡಲ್ಲ. ಕಾಳುಮೆಣಸು, ಬೈನೆ, ಹಲಸು, ನಡುವೆ ಒಂದು ದೇವರು, ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆ. ಊರವರು ಕಾಯುತ್ತಿದ್ದರು, ಊರಿಗೆ ನೀರು ಬರುತ್ತಿತ್ತು. ಪಟ್ಟಿ ಆಗಿ ನೂರೈವತ್ತು ವರ್ಷ ಮೇಲಾಯ್ತು. ನಮ್ಮೂರ ಕಾನಿನಲ್ಲಿ ನನ್ನ ಕಣ್ಣೆದುರೇ ಒಂದು ಪಾಲು ಬಗರ್‌ಹುಕುಂ ಆಯ್ತು, ಒಂದು ಪಾಲು ಅಕೇಶಿಯಾ ಆಯ್ತು. ಅಕೇಶಿಯಾ ಬುಡದಲ್ಲಿ ಒರತೆ ಹುಡುಕಿ ನೋಡಿ, ಗೊತ್ತಾಗುತ್ತದೆ. ದೇವರು ಇದ್ದ ಮೂರು ಎಕರೆ ಉಳಿದಿದೆ, ಅದೂ ಚೌಡಿ ಸ್ವಲ್ಪ ಜೋರು ಅನ್ನೋ ಹೆದರಿಕೆಗೆ.

ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ನಮ್ಮ ತಾಲೂಕೇ. ಅದಕ್ಕೆ ಲೋಕದಲ್ಲೆಲ್ಲ ನಮ್ಮೂರ ಹೆಸರಿದೆ. ಕಾನಿಗೆ ಇಲ್ಲ.

ಜಡ್ಡಿಮನೆ (ಸಿದ್ದಾಪುರ)

ಪಕ್ಕದ ಜಿಲ್ಲೆಯವನು, ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಹೊನ್ನಾವರ ರಸ್ತೆ ಪಕ್ಕದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಇದೆ. ವರ್ಷವಿಡೀ ಕೆಸರು. ಮರದ ಬೇರು ಉಸಿರಾಡೋಕೆ ಮಂಡಿ ಮಡಚಿದ ಹಾಗೆ ಮಣ್ಣಿಂದ ಮೇಲೆದ್ದು ಮತ್ತೆ ಕೆಳಗೆ ಹೋಗಿರುತ್ತದೆ. ಹೋಗಿ ನಿಂತರೆ ಹೆಜ್ಜೆ ಹೂತು ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು, ನಾನು ಎರಡು ಜೊತೆ ಬಿಟ್ಟಿದ್ದೇನೆ. ಅಲ್ಲಿನ ಒಂದು ಮರಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 2000ದಲ್ಲಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಊರ ಹೆಸರೇ ಮರಕ್ಕೆ. ಮೊದಲು ಇಂಥ ಜಡ್ಡಿ ಎಷ್ಟೋ ಇದ್ದವಂತೆ, ನೀರು ಇರೋ ತಗ್ಗು ಅಂತ ಗದ್ದೆ, ತೋಟ ಆದವು. ಹೆಸರು ಬರೋ ಮೊದಲೇ ಹೋದ ಮರಗಳಿದ್ದರೆ ಅವುಗಳ ಲೆಕ್ಕ ಯಾರ ಹತ್ತಿರವೂ ಇರೋದಿಲ್ಲ ಅಲ್ವಾ.

ಸೊರಬದವರೇ, ಪಟ್ಟಿಯಿಂದ ಎಲ್ಲ ಉಳಿಯಲ್ಲ, ಒಪ್ಪಿದೆ. ಆದರೆ 171 ಅಂತ ನೀವು ಇವತ್ತು ಹೇಳೋಕಾದದ್ದು ಆ ಪಟ್ಟಿ ಇದ್ದದ್ದಕ್ಕೇ.

ಬೆಂಗಳೂರು ವಾಸಿ

ಪಿನ್ ವಿಷಯ ವಾಪಸ್ ತಗೊಂಡೆ. ನನ್ನಿಂದ ಏನಾದರೂ ಆಗೋದಿದ್ದರೆ ಹೇಳಿ. ಒಳ್ಳೇ ಕ್ಯಾಮೆರಾ ಇದೆ, ಹತ್ತಿರದಿಂದ ಹೂವು ತೆಗೆಯೋ ಲೆನ್ಸ್ ಇದೆ.

ತುಂಗೆ ತಟ (ತೀರ್ಥಹಳ್ಳಿ)

ನೀವು ಬನ್ನಿ, ಸ್ನೇಹಿತರು ಬೇಡ. :) ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆಯಬೇಕು. ಪ್ರತಿ ಫೋಟೋಕ್ಕೂ ತಾರೀಖು ಬೇಕು, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಗಿಡ ಕೀಳಬೇಡಿ.

ಹಾಸುಗಲ್ಲು

ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ, ಅಡಿಕೆ ಕೊಯ್ಲು ಶುರುವಾಗಿ ಪುರುಸೊತ್ತಿಲ್ಲ.

ತಕರಾರು ಅರ್ಜಿ ಮೂರು ಕಡೆ ಕೊಟ್ಟು ಸ್ವೀಕೃತಿ ಪಡೆದೆ. ಒಂದು ಕಡೆ ಸೀಲ್ ಹಾಕೋಕೆ ಎರಡು ದಿನ ಅಲೆಸಿದರು, ಇರಲಿ. ಪಹಣಿ ಮತ್ತು ನಕ್ಷೆ ತೆಗೆಸಿದರೆ ಹಾಸಿನ ಮಧ್ಯೆ ದನದ ದಾರಿ ಬಿ ಖರಾಬು ಅಂತಲೇ ಇದೆ, ಗುಮಾಸ್ತರ ಮಾತು ನಿಜ ಆಯ್ತು. ಬೆಂಗಳೂರು ವಾಸಿ ಬಂದಿದ್ದರು, ಒಬ್ಬರೇ. ಬೆಳಿಗ್ಗೆ ಆರಕ್ಕೆ ಹೊಟ್ಟೆ ಮೇಲೆ ಮಲಗಿ ಫೋಟೋ ತೆಗೆದರು, ಹೂವೆಲ್ಲ ಬಾಡಿತ್ತು, ಗುಂಡಿ ಪಕ್ಕದ ನೆರಳಲ್ಲಿ ಮಾತ್ರ ಡ್ರೋಸೆರಾ ಇನ್ನೂ ಕೆಂಪಗಿತ್ತು. ನಮ್ಮ ಪಂಚಾಯ್ತಿ ದಾಖಲಾತಿ ಪುಸ್ತಕ ಮೂರನೇ ದಿನ ಬೀರುವಿನ ಮೇಲೆ ಸಿಕ್ಕಿತು. ಸಮುದ್ರದ ಮೀನು ಇಲ್ಲ, ಆದರೆ ಒಂಟೆ ಇದೆ.

ಗ್ರಾಮಸಭೆಗೆ ನಿರ್ಣಯದ ಕರಡು ಬರೆದಿದ್ದೇವೆ. ಮೊದಲನೇ ಸಾಲು ಸೊಪ್ಪಿನಬೆಟ್ಟ ಅಣ್ಣ ಹೇಳಿದ್ದೇ. ಎರಡನೇ ಸಾಲು, ಮನೆ ಕಟ್ಟೋಕೆ ಊರವರು ಹಳೇ ಗುಂಡಿಯ ಪಕ್ಕ ಕೈಯಲ್ಲಿ ಕಡಿಯಬಹುದು, ಮಿಷನ್ ಇಲ್ಲ. ಇದಕ್ಕೆ ಕಾನೂನು ಒಪ್ಪುತ್ತದೋ ಇಲ್ಲವೋ ಅಂತ ಗುಮಾಸ್ತರು ಮೂಗು ಮುರಿದರು, ಊರು ಒಪ್ಪಬೇಕಾದರೆ ಅದು ಇರಲೇಬೇಕು ಅಂತ ನಾನು ಹಟ ಹಿಡಿದೆ. ಪಿಡಿಒ ಓದಿ ಆಯ್ತು ಅಂದು ನಮೂನೆ ತೆಗೆದು ಕೇಳಿದರು, 'ಸ್ಥಳದ ಹೆಸರೇನು?'

ನಾನು ಸುಮ್ಮನಾದೆ. ನಮ್ಮನೆಯಲ್ಲಿ 'ಹಾಸು' ಅನ್ನುತ್ತೇವೆ ಅಷ್ಟೇ. ಸಂಜೆ ಚಿಕ್ಕಮ್ಮನನ್ನು ಕೇಳಿದೆ, 'ನೀರುಹಾಸು ಅಲ್ದನಾ' ಅಂದರು. ಚಿಕ್ಕವರಿದ್ದಾಗ ಬಟ್ಟೆ ಒಗೆಯೋಕೆ ಅಲ್ಲಿಗೇ ಹೋಗುತ್ತಿದ್ದರಂತೆ. ಮೇಲಿನ ಕೇರಿಯವರನ್ನು ಕೇಳಿದರೆ ಅದು ದನಕಲ್ಲು, ನೀರುಹಾಸು ಅಂತ ಯಾರು ಹೇಳಿದ್ದು ಅಂತ ನನ್ನ ಮೇಲೇ ಬಂದರು. ಗ್ರಾಮಸಭೆ ಮುಂದಿನ ಗುರುವಾರ. ಅಲ್ಲಿ ಕ್ವಾರಿ ಬಗ್ಗೆ ಜಗಳ ಆಗುತ್ತದೋ ಹೆಸರಿನ ಬಗ್ಗೆ ಆಗುತ್ತದೋ ನೋಡಬೇಕು.

ಹಳೇ ಗುಮಾಸ್ತ

ಎರಡೂ ಹೆಸರು ಬರೆಯಿರಿ. ನಡುವೆ 'ಯಾನೆ' ಹಾಕಿ. ಗುರುವಾರ ನಾನೂ ಬರುತ್ತೇನೆ, ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಮೊದಲೇ ಹಾಕಿಸಿ, ಊಟ ಆದ ಮೇಲೆ ಯಾರೂ ಉಳಿಯಲ್ಲ.